ಲಿನಕ್ಸ್‌ನಲ್ಲಿ ಗೇಮ್ ಓಡೋಕೆ ಹಿಡಿದದ್ದು ಮೂವತ್ತು ವರ್ಷ

ದುದ್ದದ ಪಿಯುಸಿ ಹುಡುಗನೊಬ್ಬ ಹಳೇ ಲ್ಯಾಪ್‌ಟಾಪ್ ತಂದು ನಮ್ಮ ಮುಂದಿಟ್ಟ. ‘ಅಣ್ಣ, ವಿಂಡೋಸ್ 10ಕ್ಕೆ ಇನ್ಮೇಲೆ ಅಪ್‌ಡೇಟ್ ಇಲ್ವಂತೆ, 11 ಇದರಲ್ಲಿ ಓಡಲ್ವಂತೆ. ಪುಗಸಟ್ಟೆ ಸಿಗೋ ಲಿನಕ್ಸ್ ಹಾಕಿದ್ರೆ ಗೇಮ್ ಆಡಬಹುದಾ?’ ಅಂದ.

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಹತ್ತು ವರ್ಷದ ಹಿಂದೆ ಕೇಳಿದ್ದರೆ ‘ಆಗಲ್ಲ ಬಿಡಪ್ಪ’ ಅಂತಿದ್ದೆವು. ಈಗ ಹಾಗೆ ಹೇಳುವಂತಿಲ್ಲ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಮನೆಯಲ್ಲೇ ಎತ್ತಿಟ್ಟ ಬಿತ್ತನೆ ರಾಗಿ ಇದ್ದ ಹಾಗೆ. ಆದರೆ ಗೇಮ್ ಕಂಪನಿಗಳು ಗೇಮ್ ಮಾಡುತ್ತಿದ್ದುದು ಹೆಚ್ಚಾಗಿ ವಿಂಡೋಸ್‌ಗೆ. ಆ ಗೇಮ್ ಲಿನಕ್ಸ್‌ಗೆ ಅರ್ಥವಾಗದು. 1993ರಲ್ಲಿ ‘ವೈನ್’ ಎಂಬ ತಂತ್ರಾಂಶದ ಕೆಲಸ ಶುರುವಾಯಿತು. ಅದು ಇಬ್ಬರ ನಡುವಿನ ದುಭಾಷಿ. 1998ರಲ್ಲಿ ಹುಟ್ಟಿದ ಲೋಕಿ ಕಂಪನಿ ಹೆಸರಾಂತ ಗೇಮ್‌ಗಳನ್ನು ಲಿನಕ್ಸ್‌ಗೆ ತಂದು ಮಾರಿತು. ಕೊಳ್ಳುವವರು ಸಾಲದೆ 2002ರಲ್ಲಿ ಬಾಗಿಲು ಹಾಕಿತು.

ಆ ಕಾಲದಲ್ಲಿ ನಮ್ಮ ಕಡೆಯ ಹುಡುಗರು ಸೈಬರ್ ಸೆಂಟರಿನಲ್ಲಿ ಕದ್ದ ವಿಂಡೋಸ್, ಕದ್ದ ಸಿ.ಡಿ. ಗೇಮ್‌ನಲ್ಲೇ ಆಡಿ ಬೆಳೆದೆವು. ಕನ್ನಡದ ಮಕ್ಕಳಿಗೆ ಲಿನಕ್ಸ್ ಆಟ ಶಾಲೆಯಲ್ಲೇ ಸಿಕ್ಕಿದ್ದು ಕಾಸರಗೋಡಿನಲ್ಲಿ. ಕೇರಳ ಸರ್ಕಾರ ಶಾಲಾ ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ತಂದಾಗ ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೂ ಅದು ಬಂತು. ಅಲ್ಲಿ ಚಿಕ್ಕ ತರಗತಿಯ ಕಂಪ್ಯೂಟರ್ ಪಠ್ಯದ ಮಲಯಾಳಂ ಹೆಸರೇ ‘ಕಳಿಪ್ಪೆಟ್ಟಿ’, ಅಂದರೆ ಆಟದ ಪೆಟ್ಟಿಗೆ. ಮಕ್ಕಳು ಮೌಸ್ ಹಿಡಿಯೋದನ್ನು ಆಡುತ್ತಲೇ ಕಲಿಯುತ್ತಾರೆ.

ದೊಡ್ಡ ಗೇಮ್‌ಗಳಿಗೆ ದಾರಿ ತೆರೆದದ್ದು ಒಬ್ಬ ವ್ಯಾಪಾರಿಯ ಅಂಜಿಕೆ. 2012ರಲ್ಲಿ ವಿಂಡೋಸ್ 8 ತನ್ನದೇ ಅಂಗಡಿ ಸಮೇತ ಬಂತು. ಸ್ಟೀಮ್ ಎಂಬ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿಗೆ, ಪರರ ಜಾಗದಲ್ಲಿ ಅಂಗಡಿ ಇಟ್ಟವನ ಭಯ ಹತ್ತಿತು. 2013ರಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. 2018ರಲ್ಲಿ ವೈನ್ ಮೇಲೆಯೇ ಕಟ್ಟಿದ ‘ಪ್ರೋಟಾನ್’ ಬಂತು. 2022ರಲ್ಲಿ ಲಿನಕ್ಸ್ ಮೇಲೆ ಓಡುವ ‘ಸ್ಟೀಮ್ ಡೆಕ್’ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರವೇ ಮಾರುಕಟ್ಟೆಗೆ ಇಳಿಯಿತು. ದುಡ್ಡು ಸುರಿದದ್ದು ಕಂಪನಿ, ನಿಜ. ಆದರೆ ಇಪ್ಪತ್ತೈದು ವರ್ಷ ದುಡಿದವರು ವೈನ್ ಕಟ್ಟಿರದಿದ್ದರೆ ಆ ದುಡ್ಡಿಗೆ ನೆಲವೇ ಇರುತ್ತಿರಲಿಲ್ಲ.

ಹಾಗಂತ ಎಲ್ಲವೂ ಓಡಲ್ಲ. ವ್ಯಾಲೊರೆಂಟ್, ಫೋರ್ಟ್‌ನೈಟ್‌ನಂಥ ಆನ್‌ಲೈನ್ ಗೇಮ್‌ಗಳ ಮೋಸ ತಡೆಯುವ ತಂತ್ರಾಂಶ ಲಿನಕ್ಸನ್ನು ಒಳಗೆ ಬಿಡುವುದಿಲ್ಲ. ಲ್ಯಾಪ್‌ಟಾಪ್ ಹಳೆಯದಾದರೆ ಲಿನಕ್ಸ್ ಹಾಕಿದ ಮಾತ್ರಕ್ಕೆ ದೊಡ್ಡ ಗೇಮ್ ಎಳೆಯುವ ಶಕ್ತಿಯೂ ಬರಲ್ಲ.

ಹುಡುಗನಿಗೆ ಹೇಳಿದ್ದು ಇಷ್ಟು: ಮೊದಲು ಫೋಟೊ, ನೋಟ್ಸ್ ಬೇರೆ ಕಡೆ ಕಾಪಿ ಮಾಡಿಡು. ಪೆನ್‌ಡ್ರೈವ್‌ಗೆ ಲಿನಕ್ಸ್ ಹಾಕಿ, ಇನ್‌ಸ್ಟಾಲ್ ಮಾಡದೆಯೇ ಓಡಿಸಿ ನೋಡು. ಹಿಡಿಸಿದರೆ ‘ಸೂಪರ್‌ಟಕ್ಸ್‌ಕಾರ್ಟ್’ ಎಂಬ ಉಚಿತ ರೇಸ್ ಆಟದಿಂದ ಶುರು ಮಾಡು.

‘ಕದ್ದಿದ್ದಲ್ಲ ತಾನೇ?’ ಅಂದ.

ಅಲ್ಲಪ್ಪ. ನಿನ್ನ ಗೆಳೆಯನಿಗೂ ಹಂಚು, ಯಾರೂ ಕೇಳಲ್ಲ.