ಉತ್ತರದಿಂದ ಕಾರಣದತ್ತ: ಹವಾಗುಣ ಮಾದರಿಗಳಲ್ಲಿ ಸ್ವಯಂಚಾಲಿತ ಅವಕಲನ

ಹವಾಗುಣ ಮಾದರಿ ಎಂದರೆ ಗಾಳಿ, ಕಡಲು, ಹಿಮ, ನೆಲಗಳ ಭೌತನಿಯಮಗಳನ್ನು ಲೆಕ್ಕ ಹಾಕುವ ಬೃಹತ್ ಕಂಪ್ಯೂಟರ್ ಪ್ರೋಗ್ರಾಂ. ಅದಕ್ಕೆ ಕೊಡುವ ಸಂಖ್ಯೆಗಳೆಲ್ಲ ಅಳತೆಯಿಂದ ಸಿಕ್ಕವಲ್ಲ. ಮೋಡದ ಹನಿ ಎಷ್ಟು ಬೇಗ ಮಳೆಯಾಗುತ್ತದೆ, ಆಳದ ನೀರು ಎಷ್ಟರಮಟ್ಟಿಗೆ ಬೆರೆಯುತ್ತದೆ ಎಂಬಂಥವು ಬಹುಪಾಲು ಅಂದಾಜುಗಳು. ಯಾವ ಅಂದಾಜು ತುಸು ಹೆಚ್ಚುಕಮ್ಮಿಯಾದರೆ ಉತ್ತರ ಎಷ್ಟು ಬದಲಾಗುತ್ತದೆ ಎಂದು ಪರೀಕ್ಷಿಸುವುದೇ ಸೂಕ್ಷ್ಮತಾ ವಿಶ್ಲೇಷಣೆ.

ಒಂದೊಂದನ್ನೇ ತಿರುಚಿ ನೋಡುವ ದಾರಿ

ಹಳೆಯ ವಿಧಾನ ಸರಳ. ಒಂದು ಸಂಖ್ಯೆಯನ್ನು ಚೂರು ಬದಲಿಸಿ, ಮಾದರಿಯನ್ನು ಮತ್ತೆ ಓಡಿಸಿ, ಎರಡು ಉತ್ತರಗಳ ವ್ಯತ್ಯಾಸ ನೋಡುವುದು. ಹತ್ತು ಸಂಖ್ಯೆಗಳಿದ್ದರೆ ಹೇಗೋ ನಡೆದೀತು. ಆದರೆ ಮಾದರಿ ಕಡಲನ್ನು ಚೌಕಗಳಾಗಿ ವಿಂಗಡಿಸುತ್ತದೆ; ಪ್ರತಿ ಚೌಕದ, ಪ್ರತಿ ಆಳದ ಆರಂಭದ ಉಷ್ಣತೆಯೂ ಒಂದೊಂದು ಸಂಖ್ಯೆಯೇ, ಅವು ಲಕ್ಷಗಟ್ಟಲೆ. ಮೇಲಾಗಿ ಎಷ್ಟು ಬದಲಿಸಬೇಕೆಂಬುದೂ ತಲೆನೋವು. ಜಾಸ್ತಿ ಬದಲಿಸಿದರೆ ಫಲ ಒರಟಾಗುತ್ತದೆ, ತೀರಾ ಕಡಿಮೆಯಾದರೆ ಕಂಪ್ಯೂಟರ್ ಅಂಕೆಗಳನ್ನು ಮೊಟಕುಗೊಳಿಸುವ ದೋಷವೇ ಉತ್ತರವನ್ನು ನುಂಗಿಹಾಕುತ್ತದೆ.

ಹಿಂದುಮುಂದಾಗಿ ನಡೆಯುವ ಲೆಕ್ಕ

ಎಷ್ಟೇ ದೊಡ್ಡ ಪ್ರೋಗ್ರಾಂ ಆದರೂ ಕೊನೆಗೆ ಅದು ಕೂಡುವ, ಗುಣಿಸುವ, ಘಾತ ತೆಗೆಯುವ ಚಿಕ್ಕ ಹೆಜ್ಜೆಗಳ ಸಾಲು. ಪ್ರತಿ ಹೆಜ್ಜೆಯ ಅವಕಲನ, ಅಂದರೆ ಒಳಗೆ ಕೊಟ್ಟ ಸಂಖ್ಯೆ ಚೂರು ಬದಲಾದರೆ ಫಲ ಎಷ್ಟು ಬದಲಾಗುತ್ತದೆಂಬ ದರ, ನಮಗೆ ಗೊತ್ತಿದೆ. ಸರಪಳಿ ನಿಯಮದಿಂದ ಅವನ್ನು ಪೋಣಿಸಿದರೆ ಇಡೀ ಪ್ರೋಗ್ರಾಂನ ಅವಕಲನ ದಕ್ಕುತ್ತದೆ. ಈ ಕೆಲಸವನ್ನು ಸಾಫ್ಟ್‌ವೇರ್ ತಾನಾಗಿ ಮಾಡುವುದೇ ಸ್ವಯಂಚಾಲಿತ ಅವಕಲನ. ಮುಂದಕ್ಕೆ ಪೋಣಿಸುವ ವಿಧಾನವನ್ನು ವೆಂಗರ್ಟ್ 1964ರಲ್ಲಿ ಪ್ರಕಟಿಸಿದರು. ಉತ್ತರದಿಂದ ಹಿಂದಕ್ಕೆ ನಡೆಯುವ ವಿಧಾನವನ್ನು 1970ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಸೆಪ್ಪೊ ಲಿನ್ನೈನ್‌ಮಾ ಸ್ನಾತಕೋತ್ತರ ಪ್ರಬಂಧದಲ್ಲಿ ಬರೆದಿಟ್ಟರು. ಹವಾಗುಣ ವಿಜ್ಞಾನಿಗಳಿಗೆ ಬೇಕಾದದ್ದು ಈ ಎರಡನೆಯದೇ.

ಅತಿ ಚಿಕ್ಕ ಮಾದರಿಯೊಂದನ್ನು ಬಿಡಿಸಿ ನೋಡೋಣ. ಭೂಮಿಗೆ ಬರುವ ಸೌರಶಕ್ತಿ ಚದರ ಮೀಟರಿಗೆ 1361 ವ್ಯಾಟ್, ಅದರಲ್ಲಿ 0.30 ಭಾಗ ಪ್ರತಿಫಲಿಸಿ ಹೋಗುತ್ತದೆ. ಉಳಿದ 0.70ರಿಂದ ಗುಣಿಸಿ, ಗೋಳದ ಇಡೀ ಮೇಲ್ಮೈಗೆ ಹಂಚಲು ನಾಲ್ಕರಿಂದ ಭಾಗಿಸಿದರೆ ಸುಮಾರು 238 ವ್ಯಾಟ್. ಅದನ್ನು ಸ್ಟೀಫನ್-ಬೋಲ್ಟ್ಸ್‌ಮನ್ ಸ್ಥಿರಾಂಕದಿಂದ ಭಾಗಿಸಿ ನಾಲ್ಕನೇ ಮೂಲ ತೆಗೆದರೆ ಹಸಿರುಮನೆ ಅನಿಲಗಳಿಲ್ಲದ ಭೂಮಿಯ ಉಷ್ಣತೆ ಬರುತ್ತದೆ: 254.6 ಕೆಲ್ವಿನ್. ಈಗ ವಾಪಸ್ ಹೊರಡೋಣ. ಆ 238 ವ್ಯಾಟ್‌ನಲ್ಲಿ ಒಂದು ಹೆಚ್ಚಿದರೆ ಉಷ್ಣತೆ 0.267 ಡಿಗ್ರಿ ಏರುತ್ತದೆ. ಇದೇ ಸಂಖ್ಯೆಯನ್ನು 0.70/4ರಿಂದ ಗುಣಿಸಿದರೆ ಸೌರಶಕ್ತಿಯ ಪ್ರಭಾವ ಸಿಗುತ್ತದೆ, ಪ್ರತಿ ವ್ಯಾಟ್‌ಗೆ 0.047 ಡಿಗ್ರಿ. 1361/4ರಿಂದ ಗುಣಿಸಿ ಚಿಹ್ನೆ ಬದಲಿಸಿದರೆ ಪ್ರತಿಫಲನದ್ದು: ಅದು 0.01 ಹೆಚ್ಚಿದರೆ ಉಷ್ಣತೆ ಸುಮಾರು 0.91 ಡಿಗ್ರಿ ಇಳಿಯುತ್ತದೆ. ಒಂದೇ ಹಿಂಪಯಣದಲ್ಲಿ ಎರಡೂ ಉತ್ತರ. ಕಾರಣಗಳು ಎರಡಲ್ಲ, ಎರಡು ಲಕ್ಷವಿದ್ದರೂ ಹಿಂಪಯಣ ಒಂದೇ, ಖರ್ಚು ಮೂಲ ಓಟದ ಕೆಲವೇ ಪಟ್ಟು. ಇಡೀ ವಿಧಾನದ ಜೀವಾಳ ಇದು.

ಅಟ್ಲಾಂಟಿಕ್‌ನ 29 ಡಿಗ್ರಿ

ಕಡಲ ವಿಜ್ಞಾನಿಗಳು ಇದನ್ನು ಮೊದಲೇ ಕೈಗೆತ್ತಿಕೊಂಡವರು. ಯೋಖೆಮ್ ಮರೊಟ್ಸ್ಕೆ ಮತ್ತು ಸಂಗಡಿಗರು 1999ರಲ್ಲಿ ಎಂಐಟಿಯ ಸಾಗರ ಮಾದರಿಯ ಫೋರ್ಟ್ರಾನ್ ಕೋಡನ್ನು ರಾಲ್ಫ್ ಗೀರಿಂಗ್ ರಚಿಸಿದ ಸಾಧನಕ್ಕೆ ಕೊಟ್ಟರು. ಅದು ಸಾಲುಸಾಲಾಗಿ ಓದಿ, ಹಿಮ್ಮುಖವಾಗಿ ಲೆಕ್ಕ ಹಾಕುವ ಕೋಡನ್ನು ಬರೆದುಕೊಟ್ಟಿತು. ಅವರ ಪ್ರಶ್ನೆ: 1993ರಲ್ಲಿ ಅಟ್ಲಾಂಟಿಕ್‌ನ 29 ಡಿಗ್ರಿ ಉತ್ತರ ಅಕ್ಷಾಂಶವನ್ನು ದಾಟಿದ ಶಾಖದ ಮೇಲೆ, ಆ ವರ್ಷ ಜನವರಿ 1ರಂದು ಕಡಲಿನ ಯಾವ ಮೂಲೆಯ ಉಷ್ಣತೆ, ಉಪ್ಪಿನಂಶ ಪ್ರಭಾವ ಬೀರಿತು? ಪ್ರಭಾವದ ಜಾಡು ಪಶ್ಚಿಮ ದಂಡೆಗುಂಟ ದೂರದ ಲ್ಯಾಬ್ರಡಾರ್ ಸಮುದ್ರದ ಅಂಚಿನವರೆಗೂ ಹೋಯಿತು. ಹಳೆಯ ವಿಧಾನದಲ್ಲಿ ಪರೀಕ್ಷಿಸಿದಾಗಲೂ ಫಲ ತಾಳೆಯಾಯಿತು. ದಂಡೆಯಂಚಿನಲ್ಲಿ ಅಳತೆ ಮಾಡಿದರೂ ಶಾಖ ಸಾಗಣೆಯ ಮೇಲೆ ಕಣ್ಣಿಡಬಹುದು ಎಂಬ ವಾದಕ್ಕೆ ಇದರಿಂದ ಬಲ ಬಂತು. ಉಪಕರಣಗಳನ್ನು ಎಲ್ಲಿ ಇಳಿಬಿಡಬೇಕೆಂದು ಗಣಿತವೇ ಸೂಚಿಸುವುದು ಸಣ್ಣ ಸಂಗತಿಯಲ್ಲ.

ಇದೇ ಮಾದರಿಯನ್ನೂ ಹಿಮ್ಮುಖ ಲೆಕ್ಕವನ್ನೂ ನೆಚ್ಚಿಕೊಂಡ ‘ಎಕ್ಕೊ’ ಯೋಜನೆ, ಮಾದರಿಯನ್ನು 1992ರಿಂದೀಚಿನ ಉಪಗ್ರಹ ಮತ್ತು ತೇಲುಯಂತ್ರಗಳ ಅಳತೆಗಳಿಗೆ ಹೊಂದಿಸುತ್ತಾ ಬಂದಿದೆ.

ಮೆಮೊರಿಯ ಬೆಲೆ

ಹಿಂದಕ್ಕೆ ನಡೆಯಬೇಕಾದರೆ ಮುಂದಕ್ಕೆ ನಡೆದಾಗಿನ ಸ್ಥಿತಿಗಳು ಬೇಕು. ಮಾದರಿ ಗಂಟೆಗೊಂದು ಕಾಲಹೆಜ್ಜೆ ಇಟ್ಟರೆ ವರ್ಷಕ್ಕೆ 8760 ಸ್ಥಿತಿಗಳು. ಅಷ್ಟನ್ನೂ ಇಟ್ಟುಕೊಳ್ಳಲು ಜಾಗ ಸಾಲದು. ಆಂಡ್ರಿಯಾಸ್ ಗ್ರಿವಾಂಕ್ ತೋರಿಸಿದ ಉಪಾಯದಲ್ಲಿ ಆಯ್ದ ಕೆಲವು ಸ್ಥಿತಿಗಳನ್ನಷ್ಟೇ ಉಳಿಸಿ, ಮಿಕ್ಕದ್ದನ್ನು ಬೇಕಾದಾಗ ಮತ್ತೆ ಲೆಕ್ಕ ಹಾಕುತ್ತಾರೆ. 20 ಸ್ಥಿತಿಗಳಿಗೆ ಜಾಗವಿದ್ದು, ಪ್ರತಿ ಹೆಜ್ಜೆಯನ್ನು ಗರಿಷ್ಠ 4 ಸಲ ಲೆಕ್ಕ ಹಾಕಲು ಸಿದ್ಧರಿದ್ದರೆ 10,626 ಹೆಜ್ಜೆಗಳನ್ನು ನಿಭಾಯಿಸಬಹುದು.

ಎಲ್ಲಿ ಕೈಕೊಡುತ್ತದೆ

ವಾತಾವರಣದಲ್ಲಿ. ಎಡ್ವರ್ಡ್ ಲೊರೆಂಜ್ 1963ರಲ್ಲಿ ಮೂರೇ ಸಮೀಕರಣಗಳಲ್ಲಿ ತೋರಿಸಿದಂತೆ, ಅಲ್ಲಿ ಆರಂಭದ ಕೂದಲೆಳೆ ವ್ಯತ್ಯಾಸವೂ ಬೆಳೆದು ಬೃಹತ್ತಾಗುತ್ತದೆ. ಅವಧಿ ಹಿಗ್ಗಿದಷ್ಟೂ ಅವಕಲನದ ಬೆಲೆ ಸಿಡಿದು, ದೀರ್ಘಕಾಲದ ಸರಾಸರಿಯ ಬಗ್ಗೆ ಏನನ್ನೂ ಹೇಳದಂತಾಗುತ್ತದೆ. ಲೀ, ಅಲೆನ್, ಹೇನ್ ಎಂಬ ಸಂಶೋಧಕರು 2000ದಲ್ಲಿ ಇದನ್ನು ಲೊರೆಂಜ್ ವ್ಯವಸ್ಥೆಯಲ್ಲೇ ತೋರಿಸಿಕೊಟ್ಟರು. ಸಾಧನ ತಪ್ಪು ಲೆಕ್ಕ ಮಾಡಿತೆಂದಲ್ಲ. ಕೇಳಿದ್ದಕ್ಕೆ ಕರಾರುವಾಕ್ಕಾಗಿ ಉತ್ತರಿಸಿತು, ಆ ಉತ್ತರ ಉಪಯೋಗಕ್ಕೆ ಬರಲಿಲ್ಲ ಅಷ್ಟೆ. ‘ಉಷ್ಣತೆ ಸೊನ್ನೆಗಿಂತ ಕೆಳಗಿದ್ದರೆ ಹಿಮ, ಇಲ್ಲವಾದರೆ ಮಳೆ’ ಎಂಬಂಥ ಕವಲುಗಳೂ ತೊಡಕಿನವೇ. ಆ ಗಡಿಯಲ್ಲಿ ಅವಕಲನಕ್ಕೆ ಅರ್ಥವಿಲ್ಲ.

ಗೂಗಲ್ ತಂಡ 2024ರಲ್ಲಿ ಪ್ರಕಟಿಸಿದ ‘ನ್ಯೂರಲ್‌ಜಿಸಿಎಂ’ ಮೊದಲಿನಿಂದಲೇ ಅವಕಲನಕ್ಕೆ ಒಗ್ಗುವಂತೆ ಕಟ್ಟಿದ ವಾತಾವರಣ ಮಾದರಿ. ಅದರ ತರಬೇತಿಯೂ ಕೆಲವೇ ದಿನಗಳ ಮುನ್ಸೂಚನೆಗಳ ಮೇಲೆ ನಡೆದದ್ದು. ಒರಟು ಚೌಕಗಳ ಸಾಗರ ಮಾದರಿ, ಹಿಮಹಾಸುಗಳಂಥ ನಿಧಾನಗತಿಯವುಗಳಲ್ಲಿ ಈ ವಿಧಾನವನ್ನು ಧೈರ್ಯವಾಗಿ ಬಳಸಬಹುದು. ಶತಮಾನದುದ್ದದ ವಾತಾವರಣಕ್ಕೆ ಸದ್ಯಕ್ಕಂತೂ ಮಾದರಿಯನ್ನು ಹತ್ತಾರು ಬಾರಿ ಓಡಿಸಿ ಸರಾಸರಿ ತೆಗೆಯುವ ಹಳೆಯ ದಾರಿಯೇ ಗತಿ.