ಹಳೆ ಗಾಡಿ, ನಮ್ಮ ದಾರಿ | ಭಾಗ 4: ಸ್ಪ್ರಿಂಗ್ ಕೊಯ್ಸೋ ಮುಂಚೆ ಇದನ್ನ ಓದ್ರಿ

"ಅಣ್ಣಾ, ಅಪ್ಪನ ಮಾರುತಿ 800 ಮನಿ ಮುಂದ ನಿಂತೈತಿ. ಸ್ಪ್ರಿಂಗ್ ಕೊಯ್ಸಿ ಇಳಿಸಲೇನ್?" ಹಾನಗಲ್‌ನಿಂದ ಹಿರೇಕೆರೂರಿನ ತನಕ ಹುಡುಗರು ಕೇಳೋ ಪ್ರಶ್ನೆ ಇದು. ಹೂಂ, ಉಹೂಂ ಅನ್ನೋ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ ಬರ್ರಿ.

🔸 ಚಕ್ಕಡಿಯಿಂದ ಕಾರಿಗೆ
ನಮ್ಮ ಅಜ್ಜಂದಿರ ಚಕ್ಕಡಿಗೆ ಸ್ಪ್ರಿಂಗೇ ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಕೂತ ಮರ. ಸೊಂಟ ಉಳಿಬೇಕಂದ್ರ ಕೆಳಗೆ ಹುಲ್ಲು ಹಾಸ್ಕೋಬೇಕು. ಟಾಂಗಾಕ್ಕೆ ಪಟ್ಟಾ ಬಂತು. ಅದೇ ಪಟ್ಟಾ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯ ಹಿಂಭಾಗದಲ್ಲೂ ಉಳಿಯಿತು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಅದರ ಮುಂಭಾಗದಲ್ಲಿದ್ದದ್ದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ್ದು. ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ. ಕಡಿಮೆ ಖರ್ಚು, ಕಡಿಮೆ ಜಾಗ. ಸಣ್ಣ ಕಾರಿಗೆ ಹೇಳಿ ಮಾಡಿಸಿದಂಗ. ಮುಂದೆ ಬಂದ 800, ಆಮೇಲೆ 1993ರ ಜೆನ್, ಇವುಗಳ ಹಿಂಭಾಗಕ್ಕೂ ಕಾಯಿಲ್ ಸ್ಪ್ರಿಂಗೇ ಬಂತು.

🔸 ಇಳಿಸೋ ಶೋಕಿ ಎಲ್ಲಿಂದ ಬಂತು?
ಎರಡನೇ ಮಹಾಯುದ್ಧ ಮುಗಿದ ಮೇಲೆ ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಹುಡುಗರು ಡಿಕ್ಕಿಯಲ್ಲಿ ಮರಳಿನ ಚೀಲ ಇಟ್ಟು, ಸ್ಪ್ರಿಂಗ್ ಕೊಯ್ದು ಹಳೆ ಕಾರು ತಗ್ಗಿಸಿದರು. ಚಕ್ರದ ರಿಮ್‌ಗಿಂತ ಕೆಳಗೆ ಗಾಡಿಯ ಯಾವ ಭಾಗವೂ ಇಳಿಯಬಾರದು ಅಂತ ಕ್ಯಾಲಿಫೋರ್ನಿಯಾ ಸರ್ಕಾರ 1950ರ ದಶಕದ ಕೊನೆಯಲ್ಲಿ ಕಾನೂನು ತಂದಿತು. ಆಗ ರಾನ್ ಅಗಿರೆ ಅನ್ನೋ ಯುವಕ ತನ್ನ ಕಾರ್ವೆಟ್‌ಗೆ ಹೈಡ್ರಾಲಿಕ್ ಪಂಪ್ ಕೂಡಿಸಿದ. ಪೊಲೀಸ್ ಕಂಡರೆ ಗಾಡಿ ಮೇಲೆ, ಹೋದರೆ ಕೆಳಗೆ! ಆ ನಿರ್ಬಂಧ ತೆಗೆದದ್ದು ಈಗ 2024ರ ಜನವರಿಯಿಂದ. ಆದರ ಒಂದು ಮಾತು ನೆನಪಿಡ್ರಿ: ಅದು ಅಗಲವಾದ ಡಾಂಬರು ಬೀದಿಯೊಳಗ ನಿಧಾನಕ್ಕೆ ಮೆರೆಯೋ ಶೋಕಿ.

🔸 ನಮ್ಮ ದಾರಿ ಬೇರೆ
ಶಿಗ್ಗಾಂವಿ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ತಗ್ಗಿನ ಗಾಡಿ ಚಂದ ಓಡೀತು. ಅಲ್ಲಿಂದ ಸವಣೂರು ಕಡೆ ತಿರುಗ್ರಿ. ಎರೆ ನೆಲ ಮಳೆಗೆ ಉಬ್ಬತೈತಿ, ಬೇಸಿಗೆಗೆ ಬಿರಿತೈತಿ. ಮೇಲಿನ ರಸ್ತೆ ಅಲೆ ಅಲೆ. ಹಾನಗಲ್ ಕಡೆ ಕೆರೆ ಏರಿ ಹತ್ತಿ ಇಳಿಬೇಕು. ಎಲ್ಲಾ ಕಡೆ ಊರ ಬಾಗಿಲಿಗೆ ಒಂದು ಹಂಪ್.

ಭಾರತೀಯ ರಸ್ತೆ ಕಾಂಗ್ರೆಸ್ ಹೇಳೋ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. 800ರ ಎರಡು ಅಚ್ಚುಗಳ ನಡುವೆ ಇರೋದು 2.175 ಮೀಟರ್. ಹಂಗಾಗಿ ಸರಿಯಾದ ಹಂಪ್ ಮೇಲೆ ನಾಲ್ಕೂ ಚಕ್ರ ಏಕಕಾಲಕ್ಕೆ ಏರಿರ್ತಾವು, ಹೊಟ್ಟೆಗೆ ಕಡಿಮೆಯಾಗೋದು ಸುಮಾರು 35 ಮಿ.ಮೀ. ಮಾತ್ರ. ಆದರ ಊರಾಗ ರಾತ್ರೋರಾತ್ರಿ ಹಾಕಿದ ಕಿರಿದಾದ ದಿಬ್ಬ? ಅದು ಎರಡು ಚಕ್ರದ ನಡುವೆ ಬಂದು ಪೂರಾ 100 ಮಿ.ಮೀ. ತಿಂದು ಬಿಡತೈತಿ. 800ಗೆ ಇರೋದೇ 170. ನೀವು 50 ಇಳಿಸಿದ್ರ ಉಳಿಯೋದು 20. ನಾಲ್ಕು ಮಂದಿ ಕೂತ್ರ ಅದೂ ಇಲ್ಲ.

🔸 ಕೊಯ್ದರೆ ಏನಾಗತೈತಿ?
6 ಸುತ್ತಿನ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ಕೊಯ್ದರೆ ಬಿಗಿತ 20% ಹೆಚ್ಚಾಗುತ್ತದೆ. ಸಾಕಲ್ಲ ಅನಿಸಬಹುದು. ಆದರೆ ಚಕ್ರ ಮೇಲೇಳಲು 70 ಮಿ.ಮೀ. ಇದ್ದದ್ದು 40ಕ್ಕೆ ಬಂದರೆ, ಅದೇ ಹೊಡೆತ ತಡೆಯೋಕೆ ಸ್ಪ್ರಿಂಗ್ ಸುಮಾರು 3 ಪಟ್ಟು ಬಿಗಿ ಇರಬೇಕು. 20% ಎಲ್ಲಿ, 3 ಪಟ್ಟು ಎಲ್ಲಿ! ಉಳಿದ ಹೊಡೆತ ಬೀಳೋದು ಬಂಪ್ ಸ್ಟಾಪ್‌ಗೆ, ಸ್ಟ್ರಟ್ ತಲೆಗೆ, ಕಡೀಕ ನಿಮ್ಮ ಅವ್ವನ ಬೆನ್ನಿಗೆ. ಕೊಯ್ದ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರೋದಿಲ್ಲ. ಚಕ್ರ ಗಾಳಿಯಲ್ಲಿ ಇಳಿಬಿದ್ದಾಗ ಸ್ಪ್ರಿಂಗ್ ಜಾಗ ಬಿಟ್ಟು ಸರಿಯಲೂಬಹುದು.

🔸 ಹಂಗಾದ್ರ ಏನು ಆರಿಸ್ಬೇಕು?
1. ಮೊದಲು ಟೇಪ್ ಹಿಡಿರಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನ ತನಕ ನಾಲ್ಕೂ ಕಡೆ ಅಳೀರಿ. 25 ವರ್ಷದ ಸ್ಪ್ರಿಂಗ್ ತಾನೇ ಕುಸಿದಿರ್ತದ. ಗಾಡಿ ಆಗಲೇ ಇಳಿದಿರಬಹುದು.
2. ಶಾಕ್, ರಬ್ಬರ್ ಬುಷ್, ಸ್ಟ್ರಟ್ ಮೌಂಟ್ ಹೊಸದು ಹಾಕಿಸ್ರಿ. ಅರ್ಧ ಶೋಕಿ ಅಲ್ಲೇ ತೀರತೈತಿ.
3. ಸ್ಪ್ರಿಂಗ್ ಬದಲಿಸೋದೇ ಆದ್ರ ಗಿಡ್ಡ ಅಂತಷ್ಟೇ ನೋಡಬ್ಯಾಡ್ರಿ, ತಂತಿಯ ದಪ್ಪ ನೋಡ್ರಿ. ದಪ್ಪ 10% ಹೆಚ್ಚಾದರೆ ಬಿಗಿತ 46% ಹೆಚ್ಚು. ಅದಕ್ಕೆ ಹೊಂದೋ ಶಾಕ್ ಜೊತೆಗೇ ಬೇಕು. ಆಮೇಲೆ ಅಲೈನ್‌ಮೆಂಟ್.
4. ತೆಗೆದ ಹಳೆ ಸಾಮಾನು ಗುಜರಿಗೆ ಹಾಕಬ್ಯಾಡ್ರಿ. 15 ವರ್ಷ ದಾಟಿದ ಕಾರು 5 ವರ್ಷಕ್ಕೊಮ್ಮೆ ಆರ್‌ಟಿಒ ತಪಾಸಣೆಗೆ ನಿಲ್ಲಬೇಕು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೆ ₹5,000 ದಂಡ, ಇಲ್ಲವೇ 6 ತಿಂಗಳ ತನಕ ಜೈಲು, ಅಥವಾ ಎರಡೂ.

ನನ್ನ ಮಾತು ಕೇಳಿದ್ರ, ಹೊಸ ಮೂಲ ಸ್ಪ್ರಿಂಗ್, ಒಳ್ಳೆ ಶಾಕ್ ಹಾಕಿಸಿ ಹಂಗೇ ಬಿಡ್ರಿ. ಮಾರುತಿ 800 ತಯಾರಿಕೆ 2014ಕ್ಕೇ ನಿಂತಿದೆ. ಕೊಯ್ದ ಸ್ಪ್ರಿಂಗ್ ಮತ್ತ ಸಿಗಬಹುದು. ಬಿರುಕು ಬಿಟ್ಟ ಬಾಡಿ ಸಿಗಂಗಿಲ್ಲ.

ನಿಮ್ಮ ಗಾಡಿ ಎಷ್ಟು ಕುಸಿದೈತಿ? ಅಳತೆ ತೆಗೆದು ಕೆಳಗೆ ಬರೀರಿ 👇 ಮುಂದಿನ ಭಾಗದಾಗ ಟೈರ್ ಕಥೆ.

#ಹಳೆಗಾಡಿ #ಮಾರುತಿ800 #ಹಾನಗಲ್ #ಶಿಗ್ಗಾಂವಿ #ಸವಣೂರು #ಹಿರೇಕೆರೂರು