ಕೂಲಿ ಏರಿದರೆ ಯಾರ ಲೆಕ್ಕಕ್ಕೆ? ಉದ್ಯೋಗ ಖಾತರಿಯ ಮೇಲಿನ ಮಾರುಕಟ್ಟೆವಾದಿ ಟೀಕೆ ಕುರಿತು ಒಂದು ಟಿಪ್ಪಣಿ

2006ರ ಫೆಬ್ರುವರಿಯಲ್ಲಿ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಉದ್ಯೋಗ ಖಾತರಿ ಯೋಜನೆಗೆ ಚಾಲನೆ ಸಿಕ್ಕಿತು. ಅಂದಿನಿಂದ ಮುಕ್ತ ಮಾರುಕಟ್ಟೆಯ ಪರವಾದ ಅರ್ಥಶಾಸ್ತ್ರಜ್ಞರು ಅದರ ವಿರುದ್ಧ ಎರಡು ವಾದಗಳನ್ನು ಹೂಡುತ್ತ ಬಂದಿದ್ದಾರೆ. ಯೋಜನೆಯಿಂದ ಹಳ್ಳಿಯ ಕೂಲಿ ಏರಿ ಬೇಸಾಯಕ್ಕೆ ಆಳು ಸಿಗುವುದಿಲ್ಲ ಎಂಬುದು ಒಂದು. ಬಡವರಿಗೆ ಹಣ ಮುಟ್ಟಿಸಲು ಇದು ತೀರಾ ದುಬಾರಿ ದಾರಿ, ನೇರ ನಗದು ವರ್ಗಾವಣೆಯೇ ಮೇಲು ಎಂಬುದು ಇನ್ನೊಂದು. ಎರಡೂ ಸಾಮಾನ್ಯವಾಗಿ ಜೊತೆಯಾಗಿಯೇ ಬರುತ್ತವೆ. ಆದರೆ ಮೊದಲನೆಯದನ್ನು ಪೂರ್ತಿ ಒಪ್ಪಿದರೆ ಎರಡನೆಯದರ ಲೆಕ್ಕ ಸಡಿಲವಾಗುತ್ತದೆ.

ಎರಡನೆಯ ವಾದದ ಪ್ರಸಿದ್ಧ ರೂಪ ಜಗದೀಶ್ ಭಗವತಿ ಮತ್ತು ಅರವಿಂದ ಪಾನಗಾರಿಯಾ 2014ರಲ್ಲಿ ಮುಂದಿಟ್ಟ ಲೆಕ್ಕ. ಖಾತರಿ ಕೆಲಸಕ್ಕೆ ಬರುವವರು ಬೇರೆ ಕಡೆಯ ಕೂಲಿ ಬಿಟ್ಟು ಬರುತ್ತಾರೆ. ಅದನ್ನು ಕಳೆದು ಉಳಿದದ್ದು ಮಾತ್ರ ಅವರ ನಿಜ ಲಾಭ. ಸಾಮಗ್ರಿ ವೆಚ್ಚ, ಸೋರಿಕೆ ಎಲ್ಲ ಸೇರಿಸಿದರೆ ಒಂದು ರೂಪಾಯಿ ತಲುಪಿಸಲು ಸುಮಾರು ಐದು ರೂಪಾಯಿ ಬೇಕು ಎಂದು ಅವರು ವಾದಿಸಿದರು. ಬಿಟ್ಟುಬಂದ ಕೂಲಿಯನ್ನು ಕಳೆಯಬೇಕೆಂಬ ತತ್ವ ಸರಿಯಾದದ್ದೇ. ಯೋಜನೆಯ ಬೆಂಬಲಿಗರು ಅದನ್ನು ಅನೇಕ ಸಲ ಮರೆಯುತ್ತಾರೆ. ಲೆಕ್ಕದ ಕೊರತೆ ಇರುವುದು ಬೇರೆಡೆ: ಯೋಜನೆಯ ಹಾಜರಿ ಪಟ್ಟಿಯಲ್ಲಿ (ಎನ್‌ಎಂಆರ್) ಹೆಸರಿರುವವರ ಲಾಭವನ್ನಷ್ಟೇ ಅದು ಎಣಿಸುತ್ತದೆ. ಊರಿನ ಕೂಲಿದರವೇ ಏರಿದ್ದರೆ, ಜಾಬ್ ಕಾರ್ಡ್ ಇಲ್ಲದೆ ಗೌಡರ ಹೊಲದಲ್ಲಿ ಕಳೆ ಕೀಳುವ ಹೆಂಗಸಿಗೂ ಅದರ ಪಾಲು ಸಿಕ್ಕಿರುತ್ತದೆ. ಟೀಕಾಕಾರರು ಇದನ್ನು ರೈತನ ನಷ್ಟದ ಕಡೆ ಬರೆಯುತ್ತಾರೆ, ಬಡವರ ಲಾಭದ ಕಡೆ ಬರೆಯುವುದಿಲ್ಲ.

ಈ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ ಅವಿಭಜಿತ ಆಂಧ್ರಪ್ರದೇಶದ ಒಂದು ಪ್ರಯೋಗ ಉತ್ತರ ಕೊಡುತ್ತದೆ. ಅಲ್ಲಿ ಕೂಲಿ ಪಾವತಿಗೆ ಬಯೋಮೆಟ್ರಿಕ್ ಸ್ಮಾರ್ಟ್‌ಕಾರ್ಡ್ ತಂದಾಗ, ಯಾವ ಮಂಡಲಕ್ಕೆ ಮೊದಲು ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಣ್‌ಕರ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಫಲಾನುಭವಿ ಕುಟುಂಬಗಳ ಗಳಿಕೆ ಶೇ 14ರಷ್ಟು ಏರಿತು. ಆ ಏರಿಕೆಯಲ್ಲಿ ಶೇ 86 ಬಂದದ್ದು ಯೋಜನೆಯ ಹೊರಗಿನ ದುಡಿಮೆಯಿಂದ. ಖಾಸಗಿ ಕೂಲಿಯ ಜೊತೆ ಖಾಸಗಿ ಉದ್ಯೋಗವೂ ಹೆಚ್ಚಿತ್ತು. ಪೈಪೋಟಿ ಪೂರ್ಣವಾಗಿರುವ ಮಾರುಕಟ್ಟೆಯಲ್ಲಿ ಹೀಗಾಗುವುದು ಕಷ್ಟ. ಭೂಮಿ ಕೆಲವರ ಕೈಯಲ್ಲೇ ಕೂಡಿದ್ದ ಹಳ್ಳಿಗಳಲ್ಲಿ ಉದ್ಯೋಗ ಹೆಚ್ಚು ಬೆಳೆಯಿತು ಎಂಬ ಅಂಶ, ಅಲ್ಲಿ ಕೂಲಿಯನ್ನು ಭೂಮಾಲೀಕರೇ ತಗ್ಗಿಸಿ ಹಿಡಿದಿದ್ದರು ಎಂಬುದರತ್ತ ಬೆರಳು ತೋರುತ್ತದೆ.

ಎಲ್ಲೆಡೆ ಹೀಗೇ ಎನ್ನಲಾಗದು. ಈ ಪ್ರಯೋಗ ಅಳೆದದ್ದು ಯೋಜನೆಯ ಆರಂಭದ ಪರಿಣಾಮವನ್ನಲ್ಲ, ಅದರ ಜಾರಿ ಸುಧಾರಿಸಿದಾಗ ಆದ ಪರಿಣಾಮವನ್ನು. ದೇಶಮಟ್ಟದ ಅಂಕಿಅಂಶ ಬಳಸಿದ ಕ್ಲೆಮಾಂ ಇಂಬರ್ ಮತ್ತು ಜಾನ್ ಪ್ಯಾಪ್ (2015) ಅವರಿಗೆ ಕೂಲಿ ಏರಿಕೆ ಕಂಡರೂ ಖಾಸಗಿ ಕೆಲಸ ಕುಗ್ಗಿದ್ದೂ ಕಂಡಿತು.

ಟೀಕಾಕಾರರ ಪರ ನಿಲ್ಲುವ ಗಟ್ಟಿ ಸಾಕ್ಷ್ಯ ಮಹಾರಾಷ್ಟ್ರದ ಹಳೆಯ ಖಾತರಿ ಯೋಜನೆಯದು. 1988ರಲ್ಲಿ ಅಲ್ಲಿ ಕೂಲಿದರ ಇಮ್ಮಡಿಯಾಯಿತು, ಬಳಿಕ ಕೇಳಿದವರಿಗೆಲ್ಲ ಕೆಲಸ ಸಿಗಲಿಲ್ಲ ಎಂದು ಮಾರ್ಟಿನ್ ರವಾಲಿಯನ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದರು. ಹಣವನ್ನು ಬಿಗಿಹಿಡಿದು ದರ ಏರಿಸಿದರೆ ಖಾತರಿ ಕಾಗದದಲ್ಲೇ ಉಳಿಯುತ್ತದೆ. ಕರ್ನಾಟಕಕ್ಕೆ ಇದು ದೂರದ ಮಾತಲ್ಲ: ರಾಜ್ಯದ ಕನಿಷ್ಠ ವೇತನವನ್ನೇ ಕೊಡಬೇಕೆಂದು ನಮ್ಮ ಹೈಕೋರ್ಟ್ 2011ರಲ್ಲಿ ಹೇಳಿತು. ಆ ತೀರ್ಪು ನ್ಯಾಯಯುತವೆಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ತಕ್ಕ ಅನುದಾನವಿಲ್ಲದಿದ್ದರೆ ಪಂಚಾಯಿತಿಯ ಬಾಗಿಲಲ್ಲಿ ಕೆಲಸಕ್ಕೆ ಸರದಿ ಬೆಳೆಯುತ್ತದೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆ ದಿನಗಳನ್ನು 100ರಿಂದ 125ಕ್ಕೆ ಏರಿಸಿತು. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸುವ ಅವಕಾಶವನ್ನೂ ಇಟ್ಟಿತು. ಮೊದಲ ವಾದ ಈಗ ಕಾನೂನಾಗಿದೆ. ಕೂಲಿಯವರು ದರ ಕೇಳಿ ಪಡೆಯಬಲ್ಲ ದಿನಗಳೂ ಅವೇ ಆದ್ದರಿಂದ, ತುಂಗಭದ್ರಾ ಅಚ್ಚುಕಟ್ಟಿನ ನಾಟಿ, ಕೊಯ್ಲಿನ ಕೂಲಿಯನ್ನು ಈ ಬಿಡುವಿನ ಹಿಂದುಮುಂದಿನ ವಾರಗಳಲ್ಲಿ ಹೆಣ್ಣುಗಂಡು ಬೇರೆಬೇರೆಯಾಗಿ ದಾಖಲಿಸುವ ಕೆಲಸ ತುರ್ತಾಗಿ ಆಗಬೇಕು.